ಇಂಗ್ಲಿಷಿನ ‘ಬ್ಲೂ’ ಪದದ ಆಡುನುಡಿಯ ಅರ್ಥಗಳನ್ನು ಗುರುತಿಸುವ ಬಗೆ

ಮೆಲ್ಬರ್ನ್‌ನಲ್ಲಿ ಕೆಲಸಕ್ಕೆ ಸೇರಿದ ನನ್ನ ಅಣ್ಣನ ಮಗ ಮೊದಲ ವಾರದ ಕೊನೆಯಲ್ಲಿ ಫೋನು ಮಾಡಿ, “ಚಿಕ್ಕಪ್ಪ, ಇಲ್ಲಿಯವರು ಮಾತೆತ್ತಿದರೆ ‘ಬ್ಲೂ’ ಅಂತಾರೆ, ಆದರೆ ನೀಲಿ ಮಾತ್ರ ಎಲ್ಲೂ ಕಾಣುವುದಿಲ್ಲ” ಎಂದ. ಅವನ ಮೇಲಧಿಕಾರಿ ಲೆಕ್ಕದ ಹಾಳೆಯೊಂದನ್ನು ಮುಂದಿಟ್ಟು ‘ಐ ಮೇಡ್ ಎ ಬ್ಲೂ’ ಎಂದಿದ್ದರು. ಮರುದಿನ ಇಬ್ಬರು ಸಹೋದ್ಯೋಗಿಗಳು ‘ಹ್ಯಾಡ್ ಎ ಬ್ಲೂ’ ಎಂಬ ಸುದ್ದಿ ಹಬ್ಬಿತು. ಇನ್ನೊಬ್ಬನನ್ನು, ಅವನ ತಲೆಗೂದಲು ಕೆಂಡದ ಹಾಗೆ ಕೆಂಪಗಿದ್ದರೂ, ಎಲ್ಲರೂ ‘ಬ್ಲೂಯಿ’ ಎಂದೇ ಕರೆಯುತ್ತಿದ್ದರು. ಅಣ್ಣನ ಮಗನ ಬಳಿಯಿದ್ದ ನಿಘಂಟು ‘ನೀಲಿ, ಖಿನ್ನ, ಅಶ್ಲೀಲ’ ಎಂದು ಮೂರು ಅರ್ಥ ಕೊಟ್ಟು ಸುಮ್ಮನಾಗಿತ್ತು. ಆ ಮೂರರಲ್ಲಿ ಒಂದೂ ಅಲ್ಲಿ ಹೊಂದುತ್ತಿರಲಿಲ್ಲ. ಅಂದು ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಇನ್ನಷ್ಟು ವಿವರವಾಗಿ, ಇಂಗ್ಲಿಷ್ ಮಾತಿನಲ್ಲಿ ಅಥವಾ ಬರಹದಲ್ಲಿ ಈ ಪದ ಎದುರಾದಾಗ ಅರ್ಥವನ್ನು ಪತ್ತೆ ಮಾಡಬೇಕಾದ ಎಲ್ಲರಿಗೂ ನೆರವಾಗುವಂತೆ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ ಬಣ್ಣವನ್ನು ಮನಸ್ಸಿನಿಂದ ತೆಗೆದುಹಾಕಿ, ಪದದ ಅಕ್ಕಪಕ್ಕ ಏನಿದೆ ಎಂಬುದನ್ನು ನೋಡುವುದು. ‘ಬ್ಲೂ’ ಪದದ ಹಿಂದೆ ‘ಎ’ ಇದ್ದರೆ ಅದು ನಾಮಪದ. ‘ದಿ’ ಇದ್ದು ಕೊನೆಯಲ್ಲಿ ಬಹುವಚನದ ‘ಸ್’ ಬಂದಿದ್ದರೆ ಅದು ಬೇರೆಯದೇ ನಾಮಪದ. ‘ಬ್ಲೂಡ್’ ಎಂದಿದ್ದರೆ ಕ್ರಿಯಾಪದ. ಜೋಕು, ಸಿನಿಮಾ, ಭಾಷೆ, ಕಾಲರ್, ರಕ್ತ ಮುಂತಾದ ಪದಗಳ ಮುಂದೆ ನಿಂತಿದ್ದರೆ ವಿಶೇಷಣ. ಕ್ಯಾಪಿಟಲ್ ಅಕ್ಷರದಿಂದ ಆರಂಭವಾಗಿದ್ದರೆ ಅದು ವ್ಯಕ್ತಿಯ ಅಡ್ಡಹೆಸರೋ, ತಂಡದ ಹೆಸರೋ, ಕ್ರೀಡಾ ಗೌರವವೋ ಆಗಿರುತ್ತದೆ. ಇದನ್ನು ನಿರ್ಧರಿಸಿದ ಮೇಲೆ ಕೇಳಬೇಕಾದ ಎರಡನೆಯ ಪ್ರಶ್ನೆ, ಮಾತನಾಡುತ್ತಿರುವವರು ಯಾವ ದೇಶದವರು ಎಂಬುದು. ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಹೆಚ್ಚಿನ ಸಂದರ್ಭಗಳಲ್ಲಿ ಅರ್ಥ ತಾನಾಗಿಯೇ ತಿಳಿಯುತ್ತದೆ.

ಆಸ್ಟ್ರೇಲಿಯಾದಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಈ ಪದ ಅಲ್ಲಿ ಬೆಳೆದಷ್ಟು ಹುಲುಸಾಗಿ ಬೇರೆಲ್ಲೂ ಬೆಳೆದಿಲ್ಲ. ಅಲ್ಲಿ ‘ಎ ಬ್ಲೂ’ ಎಂಬುದಕ್ಕೆ ಎರಡು ಮುಖ್ಯ ಅರ್ಥಗಳಿವೆ, ಮತ್ತು ಅವೆರಡನ್ನೂ ಬೇರ್ಪಡಿಸುವುದು ಹಿಂದಿನ ಕ್ರಿಯಾಪದ. ‘ಮೇಕ್’ ಬಂದರೆ ತಪ್ಪು ಮಾಡುವುದು, ‘ಹ್ಯಾವ್’ ಬಂದರೆ ಜಗಳವಾಡುವುದು. ಜಗಳ ಬಾಯಿಮಾತಿನದಾಗಿರಬಹುದು, ಕೈಗೆ ಕೈ ಹತ್ತಿದ್ದೂ ಆಗಿರಬಹುದು. ಗಂಡಹೆಂಡಿರ ಮಾತಿನ ಚಕಮಕಿಗೂ ಪಬ್ಬಿನ ಹೊರಗಿನ ಹೊಡೆದಾಟಕ್ಕೂ ಇದೇ ಪದ ಸಲ್ಲುತ್ತದೆ. ಆದ್ದರಿಂದ ಮೇಲಧಿಕಾರಿ ಹೇಳಿದ್ದು ‘ನನ್ನಿಂದ ತಪ್ಪಾಯಿತು’ ಎಂದು. ಸಹೋದ್ಯೋಗಿಗಳ ನಡುವೆ ನಡೆದದ್ದು ಜಗಳ. ಮೊದಲ ವಾಕ್ಯವನ್ನು ಕೇಳಿ ಮೇಲಧಿಕಾರಿ ಬೇಸರದಲ್ಲಿದ್ದಾರೆಂದು ಭಾವಿಸಿ ಸಮಾಧಾನ ಹೇಳಲು ಹೋದರೆ ಇಬ್ಬರಿಗೂ ಮುಜುಗರವಾಗುತ್ತದೆ.

ಕೆಂಪುಗೂದಲಿನವನು ‘ಬ್ಲೂಯಿ’ ಅಥವಾ ‘ಬ್ಲೂ’ ಆಗುವುದನ್ನು ಸಾಮಾನ್ಯವಾಗಿ ವಿವರಿಸುವುದು ಆ ನಾಡಿನ ಒಂದು ರೂಢಿಯ ಮೂಲಕ. ಅಲ್ಲಿ ಅಡ್ಡಹೆಸರನ್ನು ಬೇಕೆಂದೇ ತಿರುವುಮುರುವಾಗಿ ಇಡುತ್ತಾರೆ: ದೈತ್ಯದೇಹಿಗೆ ‘ಟೈನಿ’, ಕೂದಲು ನೆಟ್ಟಗಿರುವವನಿಗೆ ಅಥವಾ ತಲೆ ಬೋಳಾದವನಿಗೆ ‘ಕರ್ಲಿ’, ಕುಳ್ಳನಿಗೆ ‘ಲಾಫ್ಟಿ’. ನಮ್ಮ ಊರುಗಳಲ್ಲಿ ಕರಿಯಪ್ಪ, ಕೆಂಚಪ್ಪ, ಕೆಂಪಮ್ಮ ಎಂದು ಕಂಡ ಬಣ್ಣವನ್ನೇ ಹೆಸರಿಗೆ ತಂದವರಿಗೆ ಈ ತಿರುವು ಕೂಡಲೇ ಹೊಳೆಯುವುದಿಲ್ಲ. ಈ ಹೆಸರಿನಲ್ಲಿ ಸಾಮಾನ್ಯವಾಗಿ ಸಲುಗೆ ಇರುತ್ತದೆಯೇ ಹೊರತು ಹಂಗಿಸುವ ಉದ್ದೇಶ ಇರುವುದಿಲ್ಲ. ಆದರೂ ಹೊಸದಾಗಿ ಬಂದವರು ತಾವೇ ಮುಂದಾಗಿ ಯಾರನ್ನಾದರೂ ಹಾಗೆ ಕರೆಯುವುದು ತರವಲ್ಲ. ಎಲ್ಲರೂ ಕರೆಯುತ್ತಿದ್ದು, ಆ ವ್ಯಕ್ತಿ ಸಂತೋಷದಿಂದ ಓಗೊಡುತ್ತಿದ್ದರೆ ಮಾತ್ರ ನೀವೂ ಕರೆಯಬಹುದು.

‘ಬ್ಲೂಯಿ’ ಎಂಬ ರೂಪಕ್ಕೆ ಅಡ್ಡಹೆಸರಿನ ಆಚೆಗೂ ಹಲವು ಅರ್ಥಗಳಿವೆ, ಮತ್ತು ಇಲ್ಲಿ ನಿಜವಾದ ನೀಲಿ ಸ್ವಲ್ಪ ಇಣುಕುತ್ತದೆ. 19ನೇ ಶತಮಾನದಲ್ಲಿ ಕೆಲಸ ಹುಡುಕುತ್ತ ಒಳನಾಡಿನಲ್ಲಿ ಊರಿಂದೂರಿಗೆ ನಡೆದು ಹೋಗುತ್ತಿದ್ದ ಕೂಲಿಗಳು ತಮ್ಮ ಸಾಮಾನನ್ನೆಲ್ಲ ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಕಂಬಳಿ ಬಹುಮಟ್ಟಿಗೆ ನೀಲಿಯಾಗಿರುತ್ತಿದ್ದುದರಿಂದ ಆ ಗಂಟಿಗೆ ‘ಬ್ಲೂಯಿ’ ಎಂಬ ಹೆಸರು ಬಂತು. ‘ಹಂಪ್ ಬ್ಲೂಯಿ’ ಎಂದರೆ ಗಂಟು ಹೊತ್ತು ಅಲೆಯುವುದು. ಟ್ಯಾಸ್ಮೇನಿಯಾದಲ್ಲಿ ಒರಟು ಉಣ್ಣೆಯ ಕೋಟಿಗೂ ಇದೇ ಹೆಸರಿದೆ. ಪೊಲೀಸರು ಅಥವಾ ನ್ಯಾಯಾಲಯ ಕಳಿಸುವ ಸಮನ್ಸ್ ಕೂಡ, ಅದರ ಕಾಗದದ ಬಣ್ಣದಿಂದಾಗಿ, ‘ಬ್ಲೂಯಿ’ ಎನಿಸಿಕೊಂಡಿತು. ದನ ಕಾಯುವ ಒಂದು ತಳಿಯ ನಾಯಿಗೆ ‘ಬ್ಲೂ ಹೀಲರ್’ ಎಂಬ ಹೆಸರಿದೆ: ದನಗಳ ಹಿಮ್ಮಡಿಯನ್ನು ಮೆಲ್ಲಗೆ ಕಚ್ಚಿ ಮುಂದಕ್ಕೆ ಓಡಿಸುವುದರಿಂದ ‘ಹೀಲರ್’, ಬೂದುಬಣ್ಣದ ಮೇಲೆ ನೀಲಿ ಛಾಯೆಯ ಚುಕ್ಕೆಗಳಿರುವುದರಿಂದ ‘ಬ್ಲೂ’. ಇಂದಿನ ಮಕ್ಕಳಿಗೆ ಗೊತ್ತಿರುವ ‘ಬ್ಲೂಯಿ’ ಎಂದರೆ 2018ರಿಂದ ಪ್ರಸಾರವಾಗುತ್ತಿರುವ ಕಾರ್ಟೂನಿನ ನಾಯಿಮರಿ; ಅದೂ ಇದೇ ತಳಿಯದು.

ಸಮುದ್ರ ದಾಟಿ ಬ್ರಿಟನ್ನಿಗೆ ಹೋದರೆ ‘ಬ್ಲೂಯಿ’ ಇನ್ನೊಂದು ವೇಷ ತೊಡುತ್ತದೆ. ಅಲ್ಲಿನ ಸೈನಿಕರು ಮತ್ತು ಅವರ ಮನೆಯವರು ಪರಸ್ಪರ ಬರೆಯುತ್ತಿದ್ದ, ಮಡಿಸಿ ಅಂಟಿಸುವ ನೀಲಿ ವಾಯು ಅಂಚೆಪತ್ರಕ್ಕೆ ಆ ಹೆಸರು. ನಮ್ಮ ನೀಲಿ ಇನ್‌ಲ್ಯಾಂಡ್ ಪತ್ರವನ್ನು ಬಲ್ಲವರಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೂರದ ಊರಿನಲ್ಲಿದ್ದ ಮಗನ ಅಕ್ಷರವನ್ನು ಆ ತೆಳು ನೀಲಿ ಕಾಗದದ ಮೇಲೆ ಕಂಡು ಕಣ್ಣು ತುಂಬಿಕೊಂಡ ತಾಯಂದಿರು ಎರಡೂ ದೇಶಗಳಲ್ಲಿದ್ದರು. ಬ್ರಿಟನ್ನಿನಲ್ಲಿ ಐದು ಪೌಂಡಿನ ನೋಟಿಗೂ, ಅದರ ಬಣ್ಣದಿಂದಾಗಿ, ‘ಬ್ಲೂಯಿ’ ಎನ್ನುವವರಿದ್ದಾರೆ.

ಹಣದ ಮಾತು ಬಂದುದರಿಂದ ಕ್ರಿಯಾಪದವನ್ನೂ ಇಲ್ಲೇ ಮುಗಿಸುತ್ತೇನೆ. 19ನೇ ಶತಮಾನದ ಬ್ರಿಟಿಷ್ ಆಡುನುಡಿಯಲ್ಲಿ ‘ಹೀ ಬ್ಲೂಡ್ ಹಿಸ್ ವೇಜಸ್’ ಎಂದರೆ ‘ಸಂಬಳವನ್ನೆಲ್ಲ ನೀರಿನಂತೆ ಖರ್ಚು ಮಾಡಿದ’ ಎಂದರ್ಥ. ಗಾಳಿ ಊದುವ ‘ಬ್ಲೋ’ ಕ್ರಿಯಾಪದದ ಭೂತಕಾಲದ ರೂಪವೂ ಉಚ್ಚಾರಣೆಯಲ್ಲಿ ‘ಬ್ಲೂ’ ಎಂದೇ ಕೇಳಿಸುತ್ತದೆ, ಅದಕ್ಕೂ ಹಣ ಹಾಳುಮಾಡುವ ಅರ್ಥವಿದೆ. ಆದ್ದರಿಂದ ಕಿವಿಗೆ ಬಿದ್ದ ಮಾತಾದರೆ ಎರಡರಲ್ಲಿ ಯಾವುದೆಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಬಟ್ಟೆಯ ವಿಷಯದಲ್ಲಿ ಇದೇ ಕ್ರಿಯಾಪದ ಬಂದರೆ ಮಾತ್ರ ಅದು ನಮ್ಮ ಮನೆಗಳಲ್ಲಿ ಬಿಳಿಯ ಪಂಚೆಗೆ ‘ನೀಲಿ ಹಾಕುವ’ ಕೆಲಸವೇ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸುದ್ದಿಯಲ್ಲಿ ‘ಎ ಬ್ಲೂ’ ಬಂದು, ಅದರ ಜೊತೆ ‘ಗಳಿಸಿದರು’ ಎಂಬ ಅರ್ಥದ ಕ್ರಿಯಾಪದವಿದ್ದರೆ ಅದು ಕ್ರೀಡಾ ಗೌರವ. ಆಕ್ಸ್‌ಫರ್ಡ್‌ನದು ಗಾಢ ನೀಲಿ, ಕೇಂಬ್ರಿಡ್ಜ್‌ನದು ತಿಳಿ ನೀಲಿ. ಒಂದು ವಿಶ್ವವಿದ್ಯಾಲಯದ ಪರವಾಗಿ ಇನ್ನೊಂದರ ವಿರುದ್ಧ ಪ್ರಮುಖ ಆಟದಲ್ಲಿ ಆಡಿದವರಿಗೆ ಈ ಗೌರವ ಸಲ್ಲುತ್ತದೆ. ರಣಜಿತ್‌ಸಿಂಹಜಿ 1893ರಲ್ಲಿ ಕ್ರಿಕೆಟ್ಟಿಗಾಗಿ ಕೇಂಬ್ರಿಡ್ಜ್‌ನ ಬ್ಲೂ ಪಡೆದರು. ಈ ಪದ್ಧತಿಯ ಹೆಸರು ನಮ್ಮಲ್ಲಿಗೂ ಬಂದು, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ವಿದ್ಯಾರ್ಥಿಯನ್ನು ಕರ್ನಾಟಕದ ಕಾಲೇಜುಗಳಲ್ಲಿಯೂ ‘ಯೂನಿವರ್ಸಿಟಿ ಬ್ಲೂ’ ಎನ್ನುತ್ತಾರೆ. ಇದನ್ನು ಕನ್ನಡಕ್ಕೆ ತರುವವರು ‘ನೀಲಿ ಪಡೆದರು’ ಎಂದು ಬರೆಯದೆ ‘ವಿಶ್ವವಿದ್ಯಾಲಯದ ತಂಡವನ್ನು ಪ್ರತಿನಿಧಿಸಿ ಬ್ಲೂ ಗೌರವ ಪಡೆದರು’ ಎಂದು ಬಿಡಿಸಿ ಬರೆಯಬೇಕು.

‘ದಿ ಬ್ಲೂಸ್’ ಎಂದು ಬಹುವಚನವಾದಾಗ ಮೂರು ಸಾಧ್ಯತೆಗಳನ್ನು ನೆನಪಿನಲ್ಲಿಡಬೇಕು. ‘ಹ್ಯಾವ್’ ಅಥವಾ ‘ಗೆಟ್’ ಜೊತೆಗಿದ್ದರೆ ಮನಸ್ಸಿನ ಮಂಕು. ‘ಪ್ಲೇ’ ಅಥವಾ ‘ಸಿಂಗ್’ ಜೊತೆಗಿದ್ದರೆ ಅಮೆರಿಕದ ದಕ್ಷಿಣ ಭಾಗದ ಕಪ್ಪು ಜನರು ಕಟ್ಟಿ ಬೆಳೆಸಿದ ಸಂಗೀತ ಪ್ರಕಾರ. ‘ವಿನ್’ ಅಥವಾ ‘ಲೂಸ್’ ಜೊತೆಗಿದ್ದರೆ ಯಾವುದೋ ತಂಡ. ಲಂಡನ್ನಿನಲ್ಲಿ ಅದು ಚೆಲ್ಸಿ, ಮೆಲ್ಬರ್ನ್‌ನಲ್ಲಿ ಕಾರ್ಲ್ಟನ್, ಬೆಂಗಳೂರಿನಲ್ಲಿ 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ. ದುಃಖದ ಅರ್ಥದ ಹಿಂದೆ ‘ಬ್ಲೂ ಡೆವಿಲ್ಸ್’ ಎಂಬ ಹಳೆಯ ಮಾತಿದೆ. ಮನಸ್ಸಿಗೆ ಕವಿಯುವ ಖಿನ್ನತೆಯನ್ನು ನೀಲಿ ಪಿಶಾಚಿಗಳ ಕಾಟವೆಂದು ಆ ಕಾಲದವರು ಕರೆದರು. ಕನ್ನಡದ ನೀಲಿಗೆ ಈ ದುಃಖದ ನೆರಳು ಇಲ್ಲ. ನಮ್ಮಲ್ಲಿ ಮುಖ ಬಾಡುತ್ತದೆ, ಮನಸ್ಸು ಮಂಕಾಗುತ್ತದೆ, ಮೋಡ ಕವಿಯುತ್ತದೆ. ನೀಲಿಗಟ್ಟುವುದು ಮೈ ಮಾತ್ರ, ಅದೂ ವಿಷಕ್ಕೆ ಅಥವಾ ಚಳಿಗೆ. ಆದ್ದರಿಂದ ‘ಐ ಆಮ್ ಫೀಲಿಂಗ್ ಬ್ಲೂ’ ಎಂಬುದನ್ನು ‘ನೀಲಿ ಅನಿಸುತ್ತಿದೆ’ ಎಂದು ತಂದರೆ ಕನ್ನಡ ಓದುಗರಿಗೆ ಏನೂ ತಲುಪುವುದಿಲ್ಲ. ‘ಮನಸ್ಸಿಗೆ ಯಾಕೋ ಬೇಜಾರು’ ಎಂದರೆ ತಲುಪುತ್ತದೆ.

ನಮ್ಮವರು ಅತಿ ಹೆಚ್ಚು ಎಡವುವುದು ಅಶ್ಲೀಲತೆಯ ಅರ್ಥದಲ್ಲಿ. ‘ಬ್ಲೂ ಫಿಲ್ಮ್’ ಎಂಬುದು ಕರ್ನಾಟಕದ ಹದಿಹರೆಯದವರಿಗೂ ಗೊತ್ತು, ಪತ್ರಿಕೆಗಳು ಅದನ್ನು ‘ನೀಲಿಚಿತ್ರ’ ಎಂದು ಕನ್ನಡಿಸಿ ರೂಢಿಗೂ ತಂದಿವೆ. ಇದು ಒಂದೇ ಅರ್ಥವೆಂದು ನಂಬಿಕೊಂಡವರು ಉಳಿದ ಕಡೆಗಳಲ್ಲಿ ‘ಬ್ಲೂ’ ಕೇಳಿದರೂ ಹಿಂಜರಿಯುತ್ತಾರೆ. ಈ ಅರ್ಥ ಬ್ರಿಟನ್ನಿನಲ್ಲಿ ಸಿನಿಮಾ ಹುಟ್ಟುವುದಕ್ಕೆ ಬಹಳ ಮೊದಲೇ ಇತ್ತು. ಸ್ಕಾಟ್ಲೆಂಡಿನ ನುಡಿಯನ್ನು ಕುರಿತು 1824ರಲ್ಲಿ ಪ್ರಕಟವಾದ ಒಂದು ಕೋಶ, ಹಾಡಿನಲ್ಲಿಯೋ ಮಾತಿನಲ್ಲಿಯೋ ನುಸುಳುವ ಪೋಲಿತನದ ಎಳೆಯನ್ನು ‘ನೀಲಿ ದಾರ’ ಎಂಬ ಅರ್ಥದ ನುಡಿಯಿಂದ ದಾಖಲಿಸಿದೆ. ಮುಂದೆ ಇಂಗ್ಲೆಂಡಿನ ರಂಗಮಂಚದ ಹಾಸ್ಯಗಾರ ಮ್ಯಾಕ್ಸ್ ಮಿಲ್ಲರ್, ಸಭ್ಯ ಜೋಕುಗಳ ಬಿಳಿ ಪುಸ್ತಕ ಮತ್ತು ಪೋಲಿ ಜೋಕುಗಳ ನೀಲಿ ಪುಸ್ತಕ ಎರಡನ್ನೂ ಹಿಡಿದು, ಯಾವುದರಿಂದ ಹೇಳಲಿ ಎಂದು ಪ್ರೇಕ್ಷಕರನ್ನೇ ಕೇಳುವುದಕ್ಕೆ ಹೆಸರಾಗಿದ್ದರು. ‘ಟರ್ನ್ ದಿ ಏರ್ ಬ್ಲೂ’ ಎಂದರೆ ಬಾಯಿಗೆ ಬಂದಂತೆ ಬೈಗುಳ ಸುರಿಸುವುದು. ಇವುಗಳಿಗೆ ಕನ್ನಡದಲ್ಲಿ ‘ನೀಲಿ’ ಬೇಡ. ‘ಪೋಲಿ ಜೋಕು’, ‘ಹೊಲಸು ಬೈಗುಳ’ ಎಂಬ ಮಾತುಗಳು ನಮ್ಮಲ್ಲೇ ಇವೆ. ‘ನೀಲಿಚಿತ್ರ’ ಒಂದು ಮಾತ್ರ ಊರಿಕೊಂಡಿರುವುದರಿಂದ ಅದನ್ನು ಹಾಗೆಯೇ ಬಳಸಬಹುದು.

ಆದರೆ ಎಚ್ಚರ ವಹಿಸಬೇಕಾದ ಸಂಗತಿ ಇಲ್ಲಿಯೇ ಇದೆ. ಅಶ್ಲೀಲತೆಯನ್ನು ಸೂಚಿಸುವ ಅದೇ ಬಣ್ಣ ಅಮೆರಿಕದಲ್ಲಿ ಅದಕ್ಕೆ ನೇರ ವಿರುದ್ಧವಾದ ಅತಿ ಮಡಿವಂತಿಕೆಯನ್ನೂ ಸೂಚಿಸುತ್ತದೆ. ಪರರ ಸುಖ ಕಂಡು ಮುಖ ಸಿಂಡರಿಸುವ ಕಟ್ಟುನಿಟ್ಟಿನ ನೀತಿವಂತರನ್ನು ಅಲ್ಲಿ ‘ಬ್ಲೂನೋಸ್’ ಎನ್ನುತ್ತಾರೆ. ಭಾನುವಾರದಂದು ವ್ಯಾಪಾರ, ಮದ್ಯ ಮಾರಾಟ, ಮನರಂಜನೆಗಳನ್ನು ನಿರ್ಬಂಧಿಸಿದ ಧಾರ್ಮಿಕ ಹಿನ್ನೆಲೆಯ ಕಾನೂನುಗಳಿಗೆ ‘ಬ್ಲೂ ಲಾಸ್’ ಎಂಬ ಹೆಸರಿದೆ. ನ್ಯೂ ಜೆರ್ಸಿಯ ಬರ್ಗನ್ ಕೌಂಟಿಯಲ್ಲಿ ಇಂದಿಗೂ ಭಾನುವಾರ ಬಟ್ಟೆ, ಪೀಠೋಪಕರಣಗಳ ಮಾರಾಟಕ್ಕೆ ಇಂತಹ ಕಾನೂನಿನ ತಡೆಯಿದೆ. ಆ ರಾಜ್ಯದಲ್ಲಿ ನೆಲಸಿರುವ ಕನ್ನಡಿಗರು ‘ಬ್ಲೂ ಲಾ’ ಎಂಬ ಮಾತನ್ನು ಅಂಗಡಿಯ ಬಾಗಿಲಿನಲ್ಲೇ ಕೇಳಿರಬಹುದು, ಅದನ್ನು ನೀಲಿಚಿತ್ರಗಳ ನಿಷೇಧವೆಂದು ತಿಳಿದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ‘ಬ್ಲೂನೋಸ್’ ಕೂಡ ಎಲ್ಲೆಡೆ ಒಂದೇ ಅಲ್ಲ: ಕೆನಡಾದಲ್ಲಿ ಅದು ನೋವಾ ಸ್ಕೋಶಿಯಾದವರ ಅಕ್ಕರೆಯ ಹೆಸರು, ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಫುಟ್‌ಬಾಲ್ ತಂಡದ ಅಭಿಮಾನಿ.

ಬಣ್ಣಕ್ಕೂ ಅಶ್ಲೀಲತೆಗೂ ಸಹಜ ಸಂಬಂಧವೇನೂ ಇಲ್ಲವೆಂಬುದು ಬೇರೆ ಭಾಷೆಗಳತ್ತ ನೋಡಿದರೆ ಸ್ಪಷ್ಟವಾಗುತ್ತದೆ. ಸ್ಪ್ಯಾನಿಷರಿಗೆ ಪೋಲಿ ಜೋಕು ಹಸಿರು, ಚೀನೀಯರಿಗೆ ಅಂತಹ ಸಿನಿಮಾ ಹಳದಿ, ಜಪಾನೀಯರಿಗೆ ಗುಲಾಬಿ. ಜರ್ಮನ್ ಭಾಷೆಯಲ್ಲಿ ಒಬ್ಬ ವ್ಯಕ್ತಿ ‘ನೀಲಿಯಾಗಿದ್ದಾನೆ’ ಎಂದರೆ ಕಂಠಪೂರ್ತಿ ಕುಡಿದಿದ್ದಾನೆ ಎಂದರ್ಥ. ಒಂದು ಭಾಷೆಯ ಬಣ್ಣದ ಅರ್ಥವನ್ನು ಇನ್ನೊಂದಕ್ಕೆ ಹೊತ್ತೊಯ್ಯುವವರು ಈ ಪಟ್ಟಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಸಮವಸ್ತ್ರದ ನೀಲಿಗೆ ಬರೋಣ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆ 1829ರಲ್ಲಿ ಹುಟ್ಟಿದಾಗ, ಜನರು ಅದನ್ನು ಕೆಂಪು ಕೋಟಿನ ಸೈನ್ಯವೆಂದು ಭಯಪಡದಿರಲೆಂದು ನೀಲಿ ಉಡುಪನ್ನು ಆರಿಸಲಾಯಿತು. ಹೀಗಾಗಿ ಬ್ರಿಟನ್, ಅಮೆರಿಕಗಳಲ್ಲಿ ‘ಬಾಯ್ಸ್ ಇನ್ ಬ್ಲೂ’ ಎಂದರೆ ಪೊಲೀಸರು. ಮುಷ್ಕರ ಮಾಡುವ ಹಕ್ಕಿಲ್ಲದ ಅಮೆರಿಕದ ಪೊಲೀಸರು ಒಟ್ಟಾಗಿ ಅನಾರೋಗ್ಯದ ರಜೆ ಹಾಕಿದರೆ ಅದು ‘ಬ್ಲೂ ಫ್ಲೂ’. ಭಾರತದ ಪತ್ರಿಕೆಯಲ್ಲಿ ‘ಮೆನ್ ಇನ್ ಬ್ಲೂ’ ಎಂದಿದ್ದರೆ ಮಾತ್ರ ಅದು ಕ್ರಿಕೆಟ್ ತಂಡ, ಏಕೆಂದರೆ ನಮ್ಮ ಪೊಲೀಸರು ಖಾಕಿಯವರು. ಲಂಡನ್ನಿನ ಸುದ್ದಿಯನ್ನು ಅನುವಾದಿಸುವಾಗ ‘ಖಾಕಿ ಪಡೆ’ ಎಂದು ಬರೆಯುವ ಆಸೆಯಾದರೂ ಅದನ್ನು ತಡೆದು ‘ಪೊಲೀಸರು’ ಎಂದು ಬರೆಯುವುದೇ ಸರಿ. ಸೈನ್ಯದ ಸುದ್ದಿಯಲ್ಲಿ ‘ಬ್ಲೂ ಆನ್ ಬ್ಲೂ’ ಎಂದು ಬಂದರೆ ಅದು ಪೊಲೀಸರದಲ್ಲ. ಯುದ್ಧಾಭ್ಯಾಸದ ನಕ್ಷೆಗಳಲ್ಲಿ ಸ್ವಪಕ್ಷವನ್ನು ನೀಲಿಯಿಂದ ಗುರುತಿಸುವುದರಿಂದ, ತಮ್ಮವರ ಗುಂಡಿಗೆ ತಮ್ಮವರೇ ಬಲಿಯಾದ ದುರಂತವನ್ನು ಹಾಗೆ ಕರೆಯುತ್ತಾರೆ.

ರಾಜಕೀಯದಲ್ಲಿ ದೇಶ ಗೊತ್ತಿಲ್ಲದೆ ಈ ಪದವನ್ನು ಮುಟ್ಟಲೇಬಾರದು. ಬ್ರಿಟನ್ನಿನಲ್ಲಿ ನೀಲಿ ಕನ್ಸರ್ವೇಟಿವ್ ಪಕ್ಷದ್ದು, ‘ಟ್ರೂ ಬ್ಲೂ’ ಎಂದರೆ ಅದರ ಅಚಲ ಬೆಂಬಲಿಗ; ಆಸ್ಟ್ರೇಲಿಯಾದಲ್ಲಿ ಅದೇ ‘ಟ್ರೂ ಬ್ಲೂ’ ಪಕ್ಷದ ಗೊಡವೆಯಿಲ್ಲದೆ ಅಪ್ಪಟ, ನಂಬಿಕಸ್ಥ ಎಂಬ ಮೆಚ್ಚುಗೆಯ ಮಾತು. ಅಮೆರಿಕದಲ್ಲಿ ‘ಬ್ಲೂ ಸ್ಟೇಟ್’ ಎಂದರೆ ಡೆಮಾಕ್ರಟರ ರಾಜ್ಯ, ಆದರೆ ಇದು ಗಟ್ಟಿಯಾದದ್ದು 2000ದ ಚುನಾವಣೆಯ ಟಿವಿ ನಕ್ಷೆಗಳಿಂದ. 1980ರಲ್ಲಿ ಎನ್‌ಬಿಸಿ ವಾಹಿನಿಯ ನಕ್ಷೆಯಲ್ಲಿ ರಿಪಬ್ಲಿಕನ್ ಪಕ್ಷದ ರೇಗನ್ ಗೆದ್ದ ರಾಜ್ಯಗಳು ನೀಲಿಯಾಗಿದ್ದವು. ನಮ್ಮಲ್ಲಿ ನೀಲಿ ಬಾವುಟ, ನೀಲಿ ಶಾಲು ಅಂಬೇಡ್ಕರ್ ಅವರ ಹಾದಿಯ ಚಳವಳಿಯವು, ಅವಕ್ಕೆ ಆತ್ಮಗೌರವದ ತೂಕವಿದೆ. ಆದ್ದರಿಂದ ಭಾರತೀಯ ಇಂಗ್ಲಿಷಿನ ವರದಿಯಲ್ಲಿ ಬರುವ ಈ ‘ಬ್ಲೂ’ ಪದವನ್ನು ಆಡುನುಡಿಯ ಲಘು ಅರ್ಥಗಳ ಜೊತೆ ಎಂದೂ ಬೆರೆಸಬಾರದು.

ಉಳಿದವುಗಳಲ್ಲಿ ಹಲವು ನಿಮಗೆ ಗೊತ್ತಿರುವಂಥವೇ. ‘ಬ್ಲೂ ಕಾಲರ್’ ಮೈಮುರಿದು ದುಡಿಯುವ ಕಾರ್ಮಿಕ ವರ್ಗ. ‘ಬ್ಲೂ ಬ್ಲಡ್’ ರಾಜವಂಶ, ಬಿಳಿಚರ್ಮದಡಿ ಕಾಣುವ ನೀಲಿ ನರಗಳಿಂದ ಹುಟ್ಟಿದ ಸ್ಪ್ಯಾನಿಷ್ ಮಾತು. ‘ಬ್ಲೂ ಚಿಪ್’ ಪೋಕರ್ ಆಟದ ಅತಿ ಬೆಲೆಯ ಬಿಲ್ಲೆಯಿಂದ ಷೇರುಪೇಟೆಗೆ ಬಂದ ಹೆಸರು. ‘ಬ್ಲ್ಯಾಕ್ ಅಂಡ್ ಬ್ಲೂ’ ಎಂದರೆ ಮೈಯೆಲ್ಲ ಬಾಸುಂಡೆ. ‘ಬ್ಲೂಸ್ಟಾಕಿಂಗ್’ ಮಾತ್ರ ಜೋಪಾನದ ಪದ. 18ನೇ ಶತಮಾನದಲ್ಲಿ ಎಲಿಜಬೆತ್ ಮಾಂಟೆಗ್ಯೂ ಅವರ ಮನೆಯ ಸಾಹಿತ್ಯ ಗೋಷ್ಠಿಗೆ ಬರುತ್ತಿದ್ದವರ ಸಾದಾ ನೀಲಿ ಕಾಲುಚೀಲದಿಂದ ಬಂದ ಆ ಹೆಸರು, ಮುಂದೆ ಓದಿದ ಹೆಂಗಸರನ್ನು ಹೀಯಾಳಿಸುವ ಮಾತಾಗಿ ಬಹಳ ಕಾಲ ಬಳಕೆಯಾಯಿತು. ಯಾರನ್ನೂ ಹಾಗೆ ಕರೆಯಬೇಡಿ. ಅಮೆರಿಕದ ಬೀದಿಗಳಲ್ಲಿ ‘ಬ್ಲೂಸ್’ ಎಂದು ಮಾರುವ ಮಾತ್ರೆಗಳು ಫೆಂಟನಿಲ್ ಎಂಬ ಪ್ರಬಲ ಮಾದಕವಸ್ತು ಬೆರೆತ, ಪ್ರಾಣಕ್ಕೇ ಎರವಾಗುವ ನಕಲಿ ನೋವುನಿವಾರಕಗಳೆಂಬುದನ್ನು ಓದಲು ಹೋದ ಮಕ್ಕಳಿಗೆ ಮನೆಯವರು ಬಿಡಿಸಿ ಹೇಳಬೇಕು.

ಇಷ್ಟಾದ ಮೇಲೂ ಅನುಮಾನ ಉಳಿದರೆ ಆಯಾ ದೇಶದ ನಿಘಂಟನ್ನೇ ತೆರೆಯಿರಿ. ಆಸ್ಟ್ರೇಲಿಯಾದ ಅರ್ಥಗಳಿಗೆ 1981ರಲ್ಲಿ ಮೊದಲು ಪ್ರಕಟವಾದ ಮ್ಯಾಕ್ವಾರಿ ನಿಘಂಟು ನಂಬಲರ್ಹ. ಎದುರಿಗಿರುವವರನ್ನೇ ‘ಇಲ್ಲಿ ಆ ಮಾತಿಗೆ ಏನರ್ಥ’ ಎಂದು ಕೇಳುವುದು ಇನ್ನೂ ಸುಲಭ. ತಮ್ಮ ನಾಡಿನ ಮಾತನ್ನು ವಿವರಿಸಲು ಜನ ಎಲ್ಲ ಕಡೆಯೂ ಉತ್ಸಾಹ ತೋರುತ್ತಾರೆ.

ಅಣ್ಣನ ಮಗನಿಗೆ ಅಭ್ಯಾಸಕ್ಕೆಂದು ನಾನು ಕೊಟ್ಟ ವಾಕ್ಯ ಇದು: ‘ಬ್ಲೂಯಿ ಗಾಟ್ ಎ ಬ್ಲೂಯಿ ಆಫ್ಟರ್ ದ ಬ್ಲೂ ಔಟ್‌ಸೈಡ್ ದ ಪಬ್.’ ಮೊದಲನೆಯದು ವಾಕ್ಯದ ಕರ್ತೃ, ಹಿಂದೆ ‘ಎ’ ಇಲ್ಲ, ಆದ್ದರಿಂದ ಅಡ್ಡಹೆಸರು. ಎರಡನೆಯದರ ಹಿಂದೆ ‘ಎ’ ಇದೆ, ‘ಸಿಕ್ಕಿತು’ ಎಂಬ ಕ್ರಿಯಾಪದವಿದೆ, ಆದ್ದರಿಂದ ಕಾಗದ. ಮೂರನೆಯದು ಪಬ್ಬಿನ ಹೊರಗೆ ನಡೆದ ಘಟನೆ. ಅರ್ಧ ಗಂಟೆಯ ನಂತರ ಅವನು ಕಳಿಸಿದ ಕನ್ನಡ ಹೀಗಿತ್ತು: “ಪಬ್ಬಿನ ಹೊರಗೆ ಹೊಡೆದಾಟವಾದ ಮೇಲೆ ಆ ಕೆಂಗೂದಲಿನವನಿಗೆ ಸಮನ್ಸ್ ಬಂತು.”